ಮೊದಲ ಪೀರಿಯಡ್ಡಿನ ಗಣಿತ

ಹೋದ ತಿಂಗಳು ಸಿಂದಗಿಯಿಂದ ಇಂಡಿಗೆ ಹೊರಟಿದ್ದೆ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ಸೆರಗಿನ ಗಂಟು ಬಿಚ್ಚಿ ಒಂದು ಲಿಂಬೆಹಣ್ಣು ತೆಗೆದಳು. ಉಗುರಿನಿಂದ ಸಿಪ್ಪೆ ಗೀರಿ ಮೂಗಿಗೆ ಹಿಡಿದುಕೊಂಡಳು. ಬಸ್ಸಿನಲ್ಲಿ ಹೊಟ್ಟೆ ತೊಳಸುವವರು ನಮ್ಮ ಕಡೆ ಹೀಗೆಯೇ ಮಾಡುವುದು. ಕಿಟಕಿಯ ಗಾಳಿಗೆ ಆ ಸಿಪ್ಪೆಯ ವಾಸನೆ ಹಿಂದಕ್ಕೆ ಬಂದು ನನ್ನ ಮುಖಕ್ಕೆ ತಾಗಿತು. ತಾಗಿದ ಕೂಡಲೇ ಸಿಟ್ಟು ಬಂತು. ಯಾಕೆ ಸಿಟ್ಟು ಎಂಬುದು ಆಮೇಲೆ ನೆನಪಾಯಿತು...

ನಮ್ಮ ಹೈಸ್ಕೂಲಿಗೆ ಹೆಡ್ ಆಗಿ ಬಂದಿದ್ದ ಅಕ್ಕೋರು ಹೀಗೆಯೇ ಲಿಂಬೆಹಣ್ಣು ಹಿಡಿದು ಬಸ್ಸಿನಲ್ಲಿ ಕೂರುತ್ತಿದ್ದರು. ಹೆಣ್ಣು ಶಿಕ್ಷಕಿಯರನ್ನು ನಾವು ಅಕ್ಕೋರು ಅನ್ನುತ್ತೇವೆ. ಹೆಡ್ ಮಾಸ್ತರರ ಕುರ್ಚಿಯಲ್ಲಿ ಕೂತದ್ದರಿಂದ ಇವರು ಹೆಡ್ ಅಕ್ಕೋರು. ಊರು ಇಂಡಿ. ಮನೆ ಮಾಡಿದ್ದು ಬಸವನ ಬಾಗೇವಾಡಿಯಲ್ಲಿ. ಅವರು ನಮ್ಮ ಶಾಲೆಯಲ್ಲಿ ಇದ್ದದ್ದು ಒಂದು ಶೈಕ್ಷಣಿಕ ವರ್ಷವೂ ಪೂರ್ತಿ ಅಲ್ಲ. ಇಪ್ಪತ್ತು ವರ್ಷದ ಮೇಲಾಯಿತು. ಆದರೂ ನನ್ನ ಮನೆಯಲ್ಲಿ ಆ ವರ್ಷ ಇನ್ನೂ ಮುಗಿದಿಲ್ಲ.

ಶಾಲೆ ಇದ್ದದ್ದು ಬಾಗೇವಾಡಿ ತಾಲೂಕಿನ ಒಂದು ದೊಡ್ಡ ಊರಿನಲ್ಲಿ. ಹೆಸರು ಬರೆದರೆ ಈಗಲೂ ಕೆಲವರು ಜಗಳಕ್ಕೆ ಬರುತ್ತಾರೆ, ಬೇಡ. ನಮ್ಮದು ಮಸೂತಿಯ ಆಚೆಯ ಸಣ್ಣ ಹಳ್ಳಿ. ನಾನು ಎಂಟನೇ ತರಗತಿ, ಅಕ್ಕ ಹತ್ತನೇ ತರಗತಿ. ಸುತ್ತಲಿನ ಹಳ್ಳಿಗಳ ಮಕ್ಕಳೆಲ್ಲ ಬರುತ್ತಿದ್ದದ್ದು ಬಾಗೇವಾಡಿಯಿಂದ ಹೊರಡುವ ಒಂದೇ ಬಸ್ಸಿನಲ್ಲಿ. ಮುದ್ದೇಬಿಹಾಳದ ಕಡೆಯಿಂದ ಬರುವ ಜನ ಇಳಿದು ಇದಕ್ಕೆ ಹತ್ತಬೇಕು, ಅಲ್ಲಿಯವರೆಗೆ ಇದು ಹೊರಡುವುದಿಲ್ಲ. ಹೀಗಾಗಿ ನಾವು ಶಾಲೆ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಗೇಟಿಗೆ ಕೀಲಿ ಬಿದ್ದಿರುತ್ತಿತ್ತು. ತಡವಾಗಿ ಬಂದವರು ಮೊದಲ ಪೀರಿಯಡ್ಡು ಮುಗಿಯುವವರೆಗೆ ಹೊರಗೆ ನಿಲ್ಲಬೇಕು. ಇದು ಶಿಸ್ತು. ಶಾಲೆಯ ಹೆಮ್ಮೆ. ‘ಬಸ್ಸಿನ ಮಂದಿ’ ಎಂದು ನಮಗೆ ಹೆಸರು. ಬಸ್ಸಿನ ಮಂದಿ ಅಂದರೆ ಕುರಿ ಕಾಯುವವರ, ಕೂಲಿ ಮಾಡುವವರ ಮಕ್ಕಳು ಎಂಬುದು ಯಾರೂ ಬಿಡಿಸಿ ಹೇಳದೆಯೇ ಎಲ್ಲರಿಗೂ ತಿಳಿದಿತ್ತು.

ಹತ್ತನೇ ತರಗತಿಗೆ ಆ ಮೊದಲ ಪೀರಿಯಡ್ಡು ಗಣಿತ. ಯಾಕೆಂದರೆ ಗಣಿತಕ್ಕೆ ತಾಜಾ ತಲೆ ಬೇಕು, ಮುಂಜಾನೆಯ ತಂಪು ಹೊತ್ತು ಬೇಕು. ಎಷ್ಟೋ ವರ್ಷಗಳಿಂದ ಹಾಗೇ ನಡೆದಿತ್ತು. ಪ್ರತಿ ವರ್ಷ ಪರೀಕ್ಷೆಯಲ್ಲಿ ಹಳ್ಳಿಯ ಮಕ್ಕಳು ಗಣಿತದಲ್ಲಿ ಬೀಳುತ್ತಿದ್ದರು. ಪ್ರತಿ ವರ್ಷ ಶಾಲೆ, ಊರು, ನಮ್ಮ ತಂದೆ ತಾಯಿ ಸೇರಿ ಒಂದೇ ತೀರ್ಮಾನಕ್ಕೆ ಬರುತ್ತಿದ್ದರು: ಹಳ್ಳಿ ಹುಡುಗರಿಗೆ ಗಣಿತ ತಲೆಗೆ ಹತ್ತುವುದಿಲ್ಲ. ಓದು ಬಲ್ಲ ಒಬ್ಬರಿಗೂ ಗೇಟನ್ನು ಮತ್ತು ವೇಳಾಪಟ್ಟಿಯನ್ನು ಒಟ್ಟಿಗೆ ಇಟ್ಟು ನೋಡಬೇಕು ಅನ್ನಿಸಲಿಲ್ಲ.

ಅಕ್ಕನಿಗೆ ಅಪ್ಪ ಒಂದು ಮಾತು ಹೇಳಿದ್ದ. “ಒಮ್ಮಿಗೇ ಪಾಸಾದ್ರ ಬಾಗೇವಾಡಿ ಕಾಲೇಜಿಗೆ ಹಾಕ್ತೇನಿ. ಇಲ್ಲಾಂದ್ರ ಇಂಡಿ ಮಾವನ ಮನ್ಯಾಗ ಕೇಳಾಕತ್ತಾರ, ಕೊಟ್ಟುಬಿಡ್ತೇನಿ.” ಅಪ್ಪನ ಮಟ್ಟಿಗೆ ಅದು ದೊಡ್ಡ ಔದಾರ್ಯ. ಅಕ್ಕ ಉಳಿದೆಲ್ಲ ವಿಷಯಗಳಲ್ಲಿ ಮುಂದೆ. ಗಣಿತ ಒಂದು ದಾಟಿದರೆ ಕಾಲೇಜು, ದಾಟದಿದ್ದರೆ ಮದುವೆ.

ಹೆಡ್ ಅಕ್ಕೋರು ಬಂದ ಮೊದಲ ದಿನ ನನಗೆ ನೆನಪಿದೆ. ನೆನಪಿದೆ ಎಂದು ಇಷ್ಟು ದಿನ ನಂಬಿದ್ದೆ ಅನ್ನುವುದೇ ಸರಿ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ನೆನಪನ್ನು ಸಾಕ್ಷಿಯೆಂದು ಹಾಗೇ ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತೇನೆ. ನೆನಪು ಎಷ್ಟು ನುಣುಪಾಗಿದೆಯೋ ಅಷ್ಟು ಅನುಮಾನ ಪಡಬೇಕು ಎಂದೂ ಹೇಳುತ್ತೇನೆ. ಇದು ಬಹಳ ನುಣುಪಾಗಿದೆ.

ನಾವು ಬಸ್ಸು ಹತ್ತಿದಾಗ ಒಬ್ಬ ಅಪರಿಚಿತ ಹೆಂಗಸು ನಡುವಿನ ಸೀಟಿನಲ್ಲಿ ಮುಖ ಬಿಳಚಿಕೊಂಡು, ಮೂಗಿಗೆ ಲಿಂಬೆಹಣ್ಣು ಒತ್ತಿ ಕೂತಿದ್ದರು. ಕಿಟಕಿಯ ಬಳಿ ಒಬ್ಬ ಮುದುಕ ಆರಾಮವಾಗಿ ತೂಕಡಿಸುತ್ತಿದ್ದ. ಅಕ್ಕ ಅವನ ಭುಜ ಅಲ್ಲಾಡಿಸಿದಳು.

“ಕಾಕಾ, ಏಳ್ರಿ ಅಷ್ಟು. ಇವರಿಗೆ ಕಿಟಕಿ ಬಿಡ್ರಿ.”

“ಯಾಕಬೇ? ಟಿಕೀಟ ನಾನೂ ತಗೊಂಡೇನಿ.”

“ಟಿಕೀಟ ನಿಮ್ಮ ಕಡೇನ ಇರ್ಲಿ. ಧೋತ್ರದ ಮ್ಯಾಲ ಏನರೆ ಬಿದ್ರ ನನ್ನ ಬೈಬ್ಯಾಡ್ರಿ ಮತ್ತ.”

ಮುದುಕ ಎದ್ದ. ಬಸ್ಸೆಲ್ಲ ನಕ್ಕಿತು. ಆ ಹೆಂಗಸೂ ಲಿಂಬೆಹಣ್ಣಿನ ಹಿಂದೆ ನಕ್ಕರು. ಅವರು ನಮ್ಮ ಜೊತೆಗೇ ಇಳಿದು, ನಮ್ಮ ಜೊತೆಗೇ ಗೇಟಿನ ಮುಂದೆ ನಿಂತರು. ಒಳಗಿನಿಂದ ಶಾಲೆಯ ಸಿಪಾಯಿ ಕೂಗಿದ, “ಬಂತಪಾ ಬಸ್ಸಿನ ಮಂದಿ! ನಿಂದರ್ರಿ ಅಲ್ಲೇ.” ಅವರನ್ನು ನೋಡಿ, “ಬಾಯಾರ, ಸಾಲಿಗೆ ಮಕ್ಕಳ ಹೆಸರು ಹಚ್ಚೋದಿದ್ರ ಹನ್ನೊಂದಕ್ಕ ಬರ್ರಿ,” ಅಂದ. ಅವರು ತಾವು ಯಾರೆಂದು ಹೇಳಲಿಲ್ಲ. ನಮ್ಮ ಜೊತೆ ಬಿಸಿಲಲ್ಲಿ ಇಡೀ ಪೀರಿಯಡ್ಡು ನಿಂತರು. ನಿಂತು ಕೇಳಿದರು:

“ಈಗ ಒಳಗ ಏನ್ ನಡದೈತಿ?”

“ಗಣಿತರಿ.”

“ಇವತ್ತಷ್ಟ ಏನು?”

“ಇಲ್ರಿ, ದಿನಾ.”

“ಮತ್ತ ನಿಮಗ ಗಣಿತ ಯಾವಾಗ?”

ಹುಡುಗಿಯರ ಗುಂಪಿನಲ್ಲಿ ಯಾರೋ ಒಬ್ಬಳು, “ನಮಗ ಗಣಿತ ಇಲ್ಲರಿ,” ಅಂದಳು. ಎಲ್ಲರೂ ಜೋರಾಗಿ ನಕ್ಕೆವು. ಅವರು ನಗಲಿಲ್ಲ...

ಹೊಸದಾಗಿ ಬಂದ ಹೆಡ್ ಮಾಸ್ತರರು ಪ್ರಾರ್ಥನೆಯ ನಂತರ ಭಾಷಣ ಮಾಡಿ, ಶಾಲೆಯನ್ನು ಹೇಗೆ ಉದ್ಧಾರ ಮಾಡುತ್ತೇವೆ ಎಂದು ಹೇಳುವುದು ರೂಢಿ. ಹಿಂದಿನವರು ಹೂದೋಟ ಅಂದಿದ್ದರು. ಅವರಿಗಿಂತ ಹಿಂದಿನವರು ಬ್ಯಾಂಡ್ ಸೆಟ್ಟು ತರಿಸುತ್ತೇನೆ ಅಂದಿದ್ದರು. ಶಾಲಾ ಸಮಿತಿಯ ಅಧ್ಯಕ್ಷರಿಗಂತೂ ಗೇಟಿಗೆ ಒಂದು ಕಮಾನು ಕಟ್ಟಿಸಿ ಅದರ ಮೇಲೆ ತಮ್ಮ ತಂದೆಯ ಹೆಸರು ಕೆತ್ತಿಸಬೇಕೆಂದು ಬಹಳ ಆಸೆ. ಹೆಡ್ ಅಕ್ಕೋರ ಭಾಷಣ ಬಹಳ ಸಣ್ಣದು. ಪ್ರಾರ್ಥನೆಯ ಹೊತ್ತಿಗೆ ನಾವು ಇರುವುದಿಲ್ಲವೆಂದು ಅವರು ಅದನ್ನು ಮಧ್ಯಾಹ್ನ, ಊಟದ ಬಿಡುವಿನಲ್ಲಿ ಮಾಡಿದರು.

“ನಾಳಿಂದ ಗೇಟಿಗೆ ಕೀಲಿ ಇಲ್ಲ. ಹತ್ತನೆತ್ತದ ಗಣಿತ ಊಟ ಆದಮ್ಯಾಲ. ಹೆಣ್ಣುಮಕ್ಕಳ ಸಂಡಾಸದ ಬಾಗಲಕ್ಕ ಚಿಲಕ ಇಲ್ಲ, ಅದು ಈ ವಾರದಾಗ ಆಗಬೇಕು. ಕಮಾನಿನ ವಿಚಾರ ಮುಂದ ನೋಡೋಣು.”

ಅಷ್ಟೇ. ಶಾಲೆಯೊಂದನ್ನು ಸುಧಾರಿಸುವ ಬಗ್ಗೆ ಆಮೇಲೆ ನಾನು ಬಹಳ ಓದಿದ್ದೇನೆ, ಬಹಳ ಕೇಳಿದ್ದೇನೆ. ಇಷ್ಟು ಬುದ್ಧಿಯ ಮಾತು ಇನ್ನೆಲ್ಲೂ ಕಂಡಿಲ್ಲ.

ಗಣಿತದ ಸರ್ ಸಿಟ್ಟಾದರು. ಅವರು ಚೆನ್ನಾಗಿ ಕಲಿಸುತ್ತಿದ್ದರು, ಅದನ್ನು ಹೇಳಲೇಬೇಕು. ಬೋರ್ಡಿನ ಮೇಲೆ ಅವರು ಬರೆದ ವೃತ್ತ ಅಳತೆ ಇಟ್ಟು ತೆಗೆದಂತಿರುತ್ತಿತ್ತು. ಆದರೆ ಅವರಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇತ್ತು. ಮುಂಜಾನೆ ತರಗತಿಗಳನ್ನು ಮುಗಿಸಿ, ಊಟದ ಹೊತ್ತಿಗೆ ಅಂಗಡಿ ಸೇರಿದರೆ ಮತ್ತೆ ಅವರ ಮುಖ ಕಾಣುವುದು ಮರುದಿನವೇ. ಅಂಗಡಿಯ ಮಾತನ್ನು ಅವರು ಎಲ್ಲೂ ಆಡಲಿಲ್ಲ. ಊರ ಪಾಲಕರ ಮುಂದೆ ಆಡಿದ್ದು ತಾಜಾ ತಲೆಯ ಮಾತು. “ಹುಡುಗುರು ಉಂಡು ತೂಕಡಸ್ತಾವರಿ. ತೂಕಡಸು ತಲಿಗೆ ಪ್ರಮೇಯ ಹೇಳಿದ್ರ ಗ್ವಾಡಿಗೆ ಹೇಳಿದಂಗ.” ಎಲ್ಲರೂ ಹೌದು ಹೌದು ಎಂದು ಗೋಣು ಹಾಕಿದರು. ಆ ವಾದದಲ್ಲಿ ತಪ್ಪೂ ಇರಲಿಲ್ಲ. ಗೇಟಿನ ಒಳಗಿದ್ದ ತಲೆಗಳಿಗೆ ಅದು ಸರಿಯಾಗಿಯೇ ಇತ್ತು.

ನಮ್ಮಪ್ಪ ಸಮಿತಿಯ ಅಧ್ಯಕ್ಷರ ಹೊಲದಲ್ಲಿ ದುಡಿಯುತ್ತಿದ್ದ. ಅವನೂ ಒಂದು ಸಂಜೆ ಅದೇ ಮಾತು ಹೊತ್ತು ಬಂದ.

“ಗಣಿತ ತಂಪೊತ್ತಿನ್ಯಾಗ ಆಗಬೇಕಂತ. ಈ ಅಕ್ಕೋರು ಬಂದು ಸಾಲಿ ಕೆಡಸ್ಯಾರಂತ.”

ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, “ತಂಪೊತ್ತಿನ್ಯಾಗ ನಾವು ಗೇಟಿನ ಹೊರಗ ಇರ್ತಿದ್ವೆಪ್ಪಾ,” ಅಂದಳು.

“ಹಂಗಾರ ಬಸ್ಸಿನವ್ಗ ಲಗೂ ಬಾ ಅಂತ ನಾ ಹೇಳ್ಲೇನು?”

“ಬ್ಯಾಡ. ಗಣಿತಕ್ಕ ತಡಾ ಮಾಡಿ ಬಾ ಅಂತ ಅಕ್ಕೋರು ಹೇಳ್ಯಾರಲ್ಲ, ಸಾಕು.”

ಅಪ್ಪ ನಗಲೋ ಬೈಯಲೋ ತಿಳಿಯದೆ ಚಂಬು ಹಿಡಿದು ಹೊರಗೆ ಹೋದ.

ಮಳೆಗಾಲ ಕಳೆಯುವ ಹೊತ್ತಿಗೆ ಅಕ್ಕನಿಗೆ ಗಣಿತ ಹತ್ತಿತು. ‘ಹತ್ತುವುದಿಲ್ಲ’ ಎಂದು ಎಲ್ಲರೂ ಹೇಳಿದ್ದು ಅವಳು ಕೂತು ಕೇಳಿದ ಕೆಲವೇ ತಿಂಗಳಲ್ಲಿ ಹತ್ತಿತು. ಬಸ್ಸಿನಲ್ಲಿ ನಿಂತುಕೊಂಡೇ ಬೆರಳಿನಿಂದ ಕಿಟಕಿಯ ಧೂಳಿನ ಮೇಲೆ ತ್ರಿಕೋನ ಬರೆದು ನನಗೆ ವಿವರಿಸುತ್ತಿದ್ದಳು. ಪಕ್ಕದಲ್ಲಿ ಕೂತ ಹೆಡ್ ಅಕ್ಕೋರು ಕಣ್ಣು ಮುಚ್ಚಿಕೊಂಡೇ, “ಆ ಕೋನ ಹೆಂಗ ಸಮ ಆತು, ಕಾರಣ ಹೇಳ,” ಅನ್ನುತ್ತಿದ್ದರು. ವಾಂತಿಯ ಭಯಕ್ಕೆ ಅವರು ಬಾಯಿ ಬಿಡುತ್ತಿದ್ದದ್ದೇ ಕಡಿಮೆ. ಬಿಟ್ಟರೆ ಇಂಥ ಪ್ರಶ್ನೆ.

ಒಂದು ದಿನ ಗಣಿತದ ಸರ್ ಊಟದ ನಂತರದ ಪೀರಿಯಡ್ಡಿಗೆ ಮುಖ ಗಂಟು ಹಾಕಿಕೊಂಡೇ ಬಂದರು. “ಬಸ್ಸಿನ ಮಂದ್ಯಾಗ ಯಾರರೆ ಬರ್ರಿ ಬೋರ್ಡಿಗೆ. ನಿಮ್ಮ ಸಲುವಾಗಿ ನಾ ಬಿಸಿಲಾಗ ಬಂದೇನಿ.” ಅಕ್ಕ ಎದ್ದು ಹೋಗಿ ಪ್ರಮೇಯ ಬಿಡಿಸಿದಳು. ಸರ್ ಒರೆಸುವ ಅರಿವೆ ತೆಗೆದುಕೊಂಡು ಎಲ್ಲ ಅಳಿಸಿದರು.

“ಬಾಯಿಪಾಠ ಮಾಡೀದಿ. ಈಗ ಮಾಡ.” ತ್ರಿಕೋನವನ್ನು ತಲೆಕೆಳಗಾಗಿ ಬರೆದು, ಮೂಲೆಗಳಿಗೆ ಬೇರೆ ಅಕ್ಷರ ಹಾಕಿದರು. ನಮ್ಮ ಕಡೆ ಪ್ರಮೇಯವನ್ನು ಅಕ್ಷರದ ಸಮೇತ ಉರು ಹೊಡೆಯುವುದು ರೂಢಿ. ಅಕ್ಷರ ಬದಲಿಸಿದರೆ ಪೇಟೆಯ ಜಾಣರೂ ನಿಂತುಬಿಡುತ್ತಿದ್ದರು. ಅಕ್ಕ ಒಂದು ಕ್ಷಣ ತಲೆ ಓರೆ ಮಾಡಿ ನೋಡಿದಳು. ಆಮೇಲೆ ಬಿಡಿಸಿದಳು, ಪ್ರತಿ ಸಾಲಿಗೆ ಕಾರಣ ಹೇಳುತ್ತ. ಬಾಗಿಲಲ್ಲಿ ಹೆಡ್ ಅಕ್ಕೋರು ನಿಂತು ನೋಡುತ್ತಿದ್ದರು. ಸರ್ ಕೈಗೆ ಹತ್ತಿದ ಸುಣ್ಣದ ಪುಡಿ ಕೊಡವಿಕೊಂಡರು.

ಇದನ್ನು ನಾನು ಕಣ್ಣಾರೆ ಕಂಡಂತೆ ಬರೆದೆ. ಆದರೆ ನಾನು ಎಂಟನೆಯಲ್ಲಿದ್ದೆ, ಬೇರೆ ಕೋಣೆಯಲ್ಲಿ. ನೋಡಿರಲು ಸಾಧ್ಯವೇ ಇಲ್ಲ. ಅಕ್ಕ ಬಸ್ಸಿನಲ್ಲಿ ಹೇಳಿದ್ದನ್ನು ನಾನು ಎಷ್ಟು ಸಲ ನೆನೆದೆನೋ, ಆ ಸುಣ್ಣದ ಪುಡಿ ಎಲ್ಲಿಂದ ಬಂದು ಸೇರಿಕೊಂಡಿತೋ...

ಸಂಕ್ರಾಂತಿ ಆದ ಮೇಲೆ ಹೆಡ್ ಅಕ್ಕೋರು ಬರಲಿಲ್ಲ. ಮುದ್ದೇಬಿಹಾಳದ ಆಚೆ, ತಂಗಡಗಿಯ ಕಡೆಯ ಯಾವುದೋ ಶಾಲೆಗೆ ನಿಯೋಜನೆ ಮಾಡಿದರು ಎಂದು ಸಿಪಾಯಿ ಹೇಳಿದ. ಶಾಲೆಯ ಶಿಸ್ತು ಕೆಡಿಸಿದರು, ಗೇಟು ಹಾರು ಹೊಡೆದು ತೆರೆದಿಟ್ಟರು, ಪರೀಕ್ಷೆಯ ವರ್ಷದ ಮಕ್ಕಳ ಮುಂಜಾನೆ ಹಾಳು ಮಾಡಿದರು ಎಂದು ಪಾಲಕರು ದೂರಿದ್ದರಂತೆ. ಅಧ್ಯಕ್ಷರು ಟ್ರ್ಯಾಕ್ಟರಿನಲ್ಲಿ ಜನ ತುಂಬಿಕೊಂಡು ತಾಲೂಕಿಗೆ ಹೋಗಿದ್ದರು. ಆ ಟ್ರ್ಯಾಕ್ಟರಿನಲ್ಲಿ ನಮ್ಮಪ್ಪನೂ ಇದ್ದ. “ಧಣ್ಯಾರು ಹತ್ತು ಅಂದ್ರು, ಹತ್ತಿದೆ,” ಅಂದ. ತನ್ನ ಮಗಳ ಗಣಿತವನ್ನು ಕಿತ್ತುಕೊಳ್ಳಲು ತಾನೇ ಹೋಗಿ ಘೋಷಣೆ ಕೂಗಿ ಬಂದೆ ಎಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಯಾರಾದರೂ ತಿಳಿಸಿದ್ದರೂ ನಂಬುತ್ತಿರಲಿಲ್ಲ.

ಮರುವಾರವೇ ಗಣಿತ ಮೊದಲ ಪೀರಿಯಡ್ಡಿಗೆ ಮರಳಿತು. ಗೇಟಿಗೆ ಕೀಲಿ ಬಿತ್ತು. ವೃತ್ತ, ಸ್ಪರ್ಶಕ, ತ್ರಿಕೋನಮಿತಿ, ಹೆಚ್ಚು ಅಂಕದ ಪಾಠಗಳೆಲ್ಲ ಇನ್ನೂ ಬಾಕಿ ಇದ್ದವು. ಅಕ್ಕ ಗೇಟಿನ ಹೊರಗೆ ನಿಂತಳು. ಪೇಟೆಯ ಗೆಳತಿಯನ್ನು ಕೇಳಿದಳು, ಗೈಡು ಓದಿದಳು, ಬೇಗ ಹೊರಟು ನಡೆದುಕೊಂಡೇ ಹೋಗುತ್ತೇನೆ ಅಂದಳು. ಹೆಣ್ಣುಮಗಳು ಒಬ್ಬಳೇ ಆ ದಾರಿಯಲ್ಲಿ ನಡೆಯುವುದಕ್ಕೆ ಅವ್ವ ಒಪ್ಪಲಿಲ್ಲ. ಫಲಿತಾಂಶ ಬಂದಾಗ ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಮಾತ್ರ ಸ್ವಲ್ಪದರಲ್ಲಿ ಹೋಯಿತು. ಗಣಿತದ ಸರ್ ಪೇಟೆಯಲ್ಲಿ ಹೇಳಿದರಂತೆ: “ನಾ ಹೇಳಿದ್ದಿಲ್ಲೇನು? ಮಧ್ಯಾಹ್ನದ ಗಣಿತ ಹಿಂಗ ಆಗತೈತಿ.”

ಆ ಬೇಸಿಗೆಯಲ್ಲೇ ಅಕ್ಕನ ಮದುವೆಯಾಯಿತು. ಅದು ಮದುವೆಯ ವಯಸ್ಸಲ್ಲ ಎಂದು ಉಡಿ ತುಂಬಲು ಬಂದ ಎಲ್ಲರಿಗೂ ಗೊತ್ತಿತ್ತು.

ನಾನು ಬಹಳ ವರ್ಷ ಹೆಡ್ ಅಕ್ಕೋರನ್ನು ನನ್ನ ಮನಸ್ಸಿನಲ್ಲಿ ಒಂದು ಎತ್ತರದ ಜಾಗದಲ್ಲಿ ಇಟ್ಟುಕೊಂಡಿದ್ದೆ. ಅವರು ಹೊರಟ ದಿನ ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಅಕ್ಕನ ಕೈ ಹಿಡಿದು, “ಬಿಡಬ್ಯಾಡ,” ಅಂದದ್ದು ನನಗೆ ನೆನಪಿತ್ತು. ಈಚೆಗೆ ಅದೇ ಶಾಲೆಗೆ ಹೊಸ ಹೆಡ್ ಮಾಸ್ತರರು ಬಂದು, ತಮ್ಮ ಆದ್ಯತೆಗಳೆಂದು ಬಣ್ಣದ ಚಿತ್ರವೊಂದನ್ನು ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಸ್ಮಾರ್ಟ್ ಬೋರ್ಡು, ಸಿಸಿಟಿವಿ, ನೂರಕ್ಕೆ ನೂರು ಫಲಿತಾಂಶ, ಕಟ್ಟುನಿಟ್ಟಾದ ಸಮಯಪಾಲನೆ. ಕೆಳಗೆ ನೂರಾರು ಕೈಮುಗಿದ ಚಿತ್ರಗಳು. ನಾನು ಒಂದೇ ಒಂದು ಪ್ರಶ್ನೆ ಹಾಕಿದೆ: ಮೊದಲ ಪೀರಿಯಡ್ಡು ಯಾವ ವಿಷಯ? ಬಹಳ ಹೊತ್ತಿನ ಮೇಲೆ ಉತ್ತರ ಬಂತು: ಗಣಿತ, ಸರ್. ಮಕ್ಕಳ ತಲೆ ಫ್ರೆಶ್ ಇರುತ್ತದೆ.

ಹೋದ ತಿಂಗಳು ಆ ಬಸ್ಸಿಳಿದು ನೇರವಾಗಿ ಅಕ್ಕನ ಮನೆಗೆ ಹೋದೆ. ಇಂಡಿಯಲ್ಲಿ ಅವಳಿಗೆ ಈಗ ಕಾಲೇಜಿಗೆ ಹೋಗುವ ಮಗಳಿದ್ದಾಳೆ, ಗಂಡನಿಗೆ ಲಿಂಬೆಯ ತೋಟವಿದೆ, ಕೊರತೆಯೇನೂ ಇಲ್ಲ. ನಾನು ಹೊಸ ಹೆಡ್ ಮಾಸ್ತರರ ಮಾತು ಹೇಳಿ ಕೂಗಾಡಿದೆ. ಹಳೆಯದನ್ನೆಲ್ಲ ತೆಗೆದೆ. ಮೊದಲ ದಿನ ಅಕ್ಕೋರು ನಮ್ಮ ಜೊತೆ ಬಿಸಿಲಲ್ಲಿ ನಿಂತದ್ದನ್ನೂ ಹೇಳಿದೆ. ಅಕ್ಕ ಶೇಂಗಾ ಒಡೆಯುತ್ತ ಕೇಳಿಸಿಕೊಂಡಳು.

“ಯಾರ ನಿಂತಿದ್ರು? ಅವರು ಹೆಸರು ಹೇಳಿದ್ರು, ಸಿಪಾಯಿ ಗೇಟ ತಗದ, ಒಳಗ ಹ್ವಾದ್ರು. ನಾವಷ್ಟ ಹೊರಗ ಉಳದ್ವಿ.”

“ಮತ್ತ ಆ ಮಾತು? ಗಣಿತ ಯಾವಾಗ ಅಂತ ಕೇಳಿದ್ದು?”

“ಅದು ಮರುದಿನ ಬಸ್ಸಿನ್ಯಾಗ ಕೇಳಿದ್ದು. ನಮಗ ಗಣಿತ ಇಲ್ಲರಿ ಅಂದದ್ದು ನಾನ.”

“ಬಸ್ ಸ್ಟ್ಯಾಂಡಿನ್ಯಾಗ ನಿನ್ನ ಕೈ ಹಿಡದು...”

“ಯಾವ ಬಸ್ ಸ್ಟ್ಯಾಂಡು? ಏನ್ ಮಾತಾಡ್ತಿ ತಮ್ಮಾ. ಒಂದು ಮಾತು ಹೇಳದನ ಹ್ವಾದ್ರು ಅವರು. ನಾ ಎಷ್ಟು ದಿನ ಆ ಸೀಟು ನೋಡಿದೆ ನಿನಗೇನ್ ಗೊತ್ತು?”

ಅಕ್ಕ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು.

“ನಿನಗ ಸರ್ ಮ್ಯಾಲ ಸಿಟ್ಟು, ಅಪ್ಪನ ಮ್ಯಾಲ ಸಿಟ್ಟು. ನನಗ ಅಕ್ಕೋರ ಮ್ಯಾಲ ಸಿಟ್ಟೈತಿ, ನೋಡ. ಅವರು ಬರದ ಇದ್ರ ನನಗ ಗಣಿತ ಬರಂಗಿಲ್ಲ ಅಂತ ತಿಳ್ಕೊಂಡು ಆರಾಮ ಇರ್ತಿದ್ದೆ. ನಮ್ಮೂರಾಗ ಎಲ್ಲಾರೂ ಹಂಗ ಅದಾರ, ಸುಖದಾಗ ಅದಾರ. ಬರತೈತಿ ಅಂತ ತೋರಿಸಿ, ಅರ್ಧಕ್ಕ ಬಿಟ್ಟು ಹ್ವಾದ್ರಲ್ಲ... ಅದನ್ನ ತಗೊಂಡು ಏನ್ ಮಾಡ್ಲಿ ನಾ?”

“ಹೋಗು ಅಂತ ಅವರಿಗೆ ಆರ್ಡರ್ ಬಂದಿತ್ತಲ್ಲಕ್ಕಾ.”

“ಗೊತ್ತೈತಿ. ಗೊತ್ತಿದ್ರೂ ಸಿಟ್ಟು ಬರತೈತಿ.”

ಆಮೇಲೆ ಇಷ್ಟು ವರ್ಷ ನನಗೆ ಹೇಳದ ಒಂದು ಸಂಗತಿ ಹೇಳಿದಳು. ಹೆಡ್ ಅಕ್ಕೋರು ನಿವೃತ್ತರಾಗಿ ಇಂಡಿಗೇ ಮರಳಿದ್ದರು. ಒಂದು ದಿನ ಸಂತೆಯಲ್ಲಿ ಕಾಯಿಪಲ್ಯೆಯವರ ಸಾಲಿನಲ್ಲಿ ಎದುರಾದರು. ಬಹಳ ಸೊರಗಿದ್ದರು, ಆದರೆ ನೋಡಿದ ಕೂಡಲೇ ಗುರುತು ಹಿಡಿದರು. “ನೀ ತಲೆಕೆಳಗಿನ ತ್ರಿಕೋನದ ಹುಡುಗಿ ಅಲ್ಲೇನ?” ಅಂದರಂತೆ. ಮುಂದೆ ಏನು ಓದಿದಿ ಎಂದು ಕೇಳಿದರಂತೆ.

“ನೀ ಏನಂದಿ?”

“ಬಿ.ಎಸ್ಸಿ. ಮುಗಿಸೇನ್ರಿ ಅಂದೆ. ಗಣಿತ ತಗೊಂಡಿದ್ದೆ ಅಂದೆ.”

ಅಕ್ಕ ನನ್ನ ಮುಖ ನೋಡಲಿಲ್ಲ.

“ಅವರಿಗೆ ಚಲೋ ಅನಸ್ಲಿ ಅಂತ ಹೇಳಿದ್ದಲ್ಲ ತಮ್ಮಾ. ಪಾಸಾಗ್ಲಿಲ್ರಿ ಅಂತ ಅವರ ಮುಂದ ಹೇಳಾಕ ನನ್ನ ಬಾಯಿ ಏಳ್ಲಿಲ್ಲ. ಅಲ್ಲೇ ಸಂತ್ಯಾಗ, ಮಂದಿ ಮುಂದ, ನನ್ನ ಗಲ್ಲ ಹಿಡದು ಅತ್ರು. ನಾ ಬಂದದ್ದು ಸಾರ್ಥಕ ಆತು ಅಂದ್ರು. ಚೀಲ ಅಲ್ಲೇ ಬಿಟ್ಟು ಮನಿಗೆ ಬಂದೆ. ದೀಪಾವಳಿಗೆ ಮೊದಲ ತೀರ್ಕೊಂಡ್ರಂತ. ಮಣ್ಣಿಗೆ ಹೋಗಬೇಕಂದೆ, ಹೋಗ್ಲಿಲ್ಲ.”

ಒಳಗಿನಿಂದ ಮಗಳು ಏನೋ ಕೂಗಿ ಕೇಳಿದಳು. ಅಕ್ಕ ಬಂದೆ ಅಂದಳು, ಏಳಲಿಲ್ಲ.

“ಒಬ್ಬರ ಪಾಲಿಗರೆ ನಾ ಪಾಸಾಗಿದ್ದೆ,” ಅಂದಳು. “ಈಗ ಅವರೂ ಇಲ್ಲ.”